ಮೈಯಲ್ಲಿ ನಿಲ್ಲದ ಮದ್ದು

ಜನವರಿ 9

ಅಕ್ಕಾ,

ಲಕೋಟೆ ಮೇಲಿನ ಕೈಬರಹ ನೋಡಿದ್ದೇ ಹರಿದುಹಾಕಬೇಡ, ಪೂರ್ತಿ ಓದು. ಎರಡು ವರ್ಷದಿಂದ ಮಾತಿಲ್ಲ ಕತೆಯಿಲ್ಲ, ಈಗ ಏಕಾಏಕಿ ಪತ್ರ. ಫೋನ್ ಮಾಡಬಹುದಿತ್ತಲ್ಲ ಅಂತೀಯ. ಮಾಡಿದ್ದೆ. ಹೋದ ವಾರ ನಿನ್ನ ಹೊಲಿಗೆ ಅಂಗಡಿಗೆ ಫೋನ್ ಬಂದಾಗ "ಯಾರ್ರೀ ಅದು, ಬಾಯಿಬಿಟ್ಟು ಮಾತಾಡ್ರೀ, ಮಾನ ಮರ್ಯಾದೆ ಇಲ್ವಾ" ಅಂತ ಬೈದು ಇಟ್ಟೆಯಲ್ಲ, ಆ ಉಸಿರಿನ ಸದ್ದು ನಂದು.

ನನ್ನ ದನಿ ಹೋಗಿದೆ ಅಕ್ಕ. ಕತ್ತಿನಲ್ಲಿ ಗಂಟು ಎದ್ದಿತ್ತು. ಥೈರಾಯ್ಡ್ ಕ್ಯಾನ್ಸರ್ ಅಂದ್ರು. ಡಿಸೆಂಬರ್‌ನಲ್ಲಿ ಆಪರೇಷನ್ ಆಯ್ತು. ಗಂಟು ದನಿಯ ನರಕ್ಕೆ ಅಂಟಿಕೊಂಡು ಬೆಳೆದಿತ್ತಂತೆ, ಬಿಡಿಸುವಾಗ ನರವೂ ಹೋಯ್ತು. ಈಗ ಬಾಯಿ ತೆಗೆದ್ರೆ ಬರೋದು ಪಿಸುಗಾಳಿ, ಅದೂ ಕಿವಿ ಹತ್ತಿರ ತಂದ್ರೆ ಮಾತ್ರ ಕೇಳುತ್ತೆ. ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂತು ಮೈಕಿನಲ್ಲಿ ಕೂಗಿ ಇಡೀ ಊರನ್ನ ಬಸ್ಸು ಹತ್ತಿಸಿದ ಮೈಕಮ್ಮನ ಗತಿ ನೋಡು. ಕಳೆದುಹೋದ ಸಾಮಾನಿನ ಕೌಂಟರಿಗೆ ಹಾಕಿದ್ದಾರೆ. ಕೊಡೆ, ಊಟದ ಡಬ್ಬಿ, ಒಂಟಿ ಚಪ್ಪಲಿಗಳ ಜೊತೆ ಕೂತಿರ್ತೀನಿ. ಚಪ್ಪಲಿ ಒಂದೇ ಕಳ್ಕೊಂಡು ಹೇಗಪ್ಪ ಮನೆಗೆ ಹೋಗ್ತಾರೆ ಜನ!

ಇಷ್ಟಕ್ಕೇ ಮುಗಿದಿದ್ರೆ ನಿನಗೆ ಬರೀತಿರಲಿಲ್ಲ. ಶ್ವಾಸಕೋಶದಲ್ಲೂ ಇದೆ. ಸಾಸಿವೆ ಚೆಲ್ಲಿದ ಹಾಗೆ ಅಂದ್ರು ಡಾಕ್ಟರ್. ಅದಕ್ಕೆ ವಿಕಿರಣ ಇರೋ ಅಯೋಡಿನ್ ಗುಳಿಗೆ ಕೊಡ್ತಾರೆ. ಥೈರಾಯ್ಡಿಗೆ ಅಯೋಡಿನ್ ಅಂದ್ರೆ ಪ್ರಾಣವಂತೆ. ಅದರ ಸಂತತಿ ಮೈಯಲ್ಲಿ ಎಲ್ಲಿ ಅಡಗಿದ್ರೂ ಅಯೋಡಿನ್ನನ್ನ ಎಳ್ಕೊಂಡು ತಿನ್ನುತ್ತೆ, ತಿಂದು ಒಳಗಿಂದಲೇ ಸುಟ್ಟು ಸಾಯುತ್ತೆ. ಕೇಳಿದಾಗ ಖುಷಿಯಾಯ್ತು. ಆಮೇಲೆ ಆ ವಿಭಾಗದ ನರ್ಸ್ ಕೇಳಿದ್ರು, "ಮನೇಲಿ ಚಿಕ್ಕ ಮಕ್ಕಳಿದ್ದಾರಾ?"

ಇದ್ದಾಳೆ, ನಾಲ್ಕು ವರ್ಷದವಳು ಅಂದೆ.

"ಬೇರೆ ಕಡೆ ಬಿಡಬೇಕಾಗುತ್ತೆ. ಗುಳಿಗೆ ನುಂಗಿದ ಮೇಲೆ ಸ್ವಲ್ಪ ದಿನ ನಿಮ್ಮ ಮೈಯಿಂದಲೇ ಕಿರಣ ಹೊರಗೆ ಬರುತ್ತೆ. ಎತ್ಕೊಳ್ಳೋದು, ಪಕ್ಕ ಮಲಗಿಸ್ಕೊಳ್ಳೋದು, ಮುದ್ದು ಮಾಡೋದು ಯಾವುದೂ ಕೂಡದು."

ಬಟಾಣಿ ನನ್ನ ಕತ್ತು ತಬ್ಬಿಕೊಂಡೇ ಮಲಗೋದು. ಆಪರೇಷನ್ ಆದಮೇಲೆ ಕತ್ತು ಬಿಟ್ಟು ಮೊಣಕೈ ಹಿಡ್ಕೊಂಡಿದ್ದಾಳೆ. ಈಗ ಅದನ್ನೂ ಬಿಡಿಸಬೇಕು.

ಅವಳಪ್ಪ ಬಿಟ್ಟುಹೋದ ದಿನ ನೀನು "ನಾನು ಆವತ್ತೇ ಹೇಳಿದ್ದೆ" ಅಂದೆ, ನಾನು "ನನ್ನ ಹೊಸ್ತಿಲು ತುಳೀಬೇಡ" ಅಂದೆ. ಇಬ್ಬರ ಬಾಯಿಗೂ ಬೀಗ ಇರಲಿಲ್ಲ. ಬಟಾಣಿಯನ್ನ ಕರ್ಕೊಂಡು ಹೋಗು. ಆಮೇಲೆ ನೀನೊಬ್ಬಳೇ ಬಾ. ಒಬ್ಬಳೇ ಆ ಕೋಣೆಗೆ ಹೋಗೋಕೆ ನನಗೆ ಭಯ.

ನಿನ್ನ ತಂಗಿ

*

ಜನವರಿ 17

ತಂಗೀ,

ಪತ್ರ ಬಂತು. ಭಾನುವಾರ ನಿಮ್ಮ ಭಾವ ಬರ್ತಾರೆ. ಬಟಾಣಿಯ ಬೆಚ್ಚನೆ ಬಟ್ಟೆ, ಅವಳಿಗೆ ಯಾವ ಬೊಂಬೆ ಇಲ್ದೆ ನಿದ್ದೆ ಬರಲ್ವೋ ಅದು, ಎರಡೂ ಕಳಿಸು. ಏನು ತಿಂತಾಳೆ, ಏನು ತಿನ್ನಲ್ಲ ಅಂತ ಅವರಿಗೆ ಹೇಳಬೇಡ, ದಾರಿಯಲ್ಲೇ ಮರೀತಾರೆ. ಬರೆದು ಕಳಿಸು.

ನಾನು ಬರೋಕಾಗಲ್ಲ. ಶಾಲೆ ಯೂನಿಫಾರ್ಮಿನ ಕೆಲಸ ಮೇಲೆ ಬಿದ್ದಿದೆ. ತಪ್ಪು ತಿಳ್ಕೋಬೇಡ.

ಮದ್ದು ಸರಿಯಾಗಿ ತಗೋ.

ಅಕ್ಕ

*

ಫೆಬ್ರವರಿ 14

ಅಕ್ಕಾ,

ತಪ್ಪು ತಿಳ್ಕೋಬೇಡ ಅಂದೆ. ತಿಂಗಳು ಪೂರ್ತಿ ಪ್ರಯತ್ನಪಟ್ಟೆ, ಆಗಲಿಲ್ಲ. ತಿಳ್ಕೊಂಡಿದ್ದೀನಿ.

ಭಾವನ ಹೆಗಲ ಮೇಲೆ ಬಟಾಣಿ ಹೋದಳು. ಟಾಟಾ ಮಾಡಿದಳು, ಅಳಲಿಲ್ಲ. ಬೀದಿ ಮೂಲೆ ತಿರುಗಿದ ಮೇಲೆ ಅತ್ತಳು, ಕೇಳಿಸ್ತು. ನಾನು ಕಿಟಕಿಯಿಂದ ಕೂಗಿದೆ. ಕೂಗಿದೆ ಅಂದ್ರೆ ಬಾಯಿ ತೆರೆದೆ ಅಷ್ಟೆ. ನನ್ನ ಕೂಗು ನನ್ನ ಕಿವಿಗೇ ಬೀಳಲಿಲ್ಲ.

ಗುಳಿಗೆಗೆ ಮುಂಚೆ ಕ್ಯಾನ್ಸರಿನ ಕಾಳುಗಳನ್ನ ಉಪವಾಸ ಕೆಡವಬೇಕಂತೆ, ಆಮೇಲೆ ಮದ್ದು ಕೊಟ್ರೆ ಗಬಗಬ ತಿನ್ನುತ್ತವಂತೆ. ಅದಕ್ಕೆ ಅಯೋಡಿನ್ ಇರೋ ಉಪ್ಪು ಇಲ್ಲ, ಹಾಲಿಲ್ಲ, ಮೀನಿಲ್ಲ, ಅಂಗಡಿ ತಿಂಡಿ ಇಲ್ಲ. ದಿನಾ ತಗೋತಿದ್ದ ಥೈರಾಯ್ಡ್ ಮಾತ್ರೆಯನ್ನೂ ನಿಲ್ಲಿಸಿದ್ದಾರೆ. ಮೈಯೆಲ್ಲ ನೆನೆದ ಹತ್ತಿ ಮೂಟೆ. ಎರಡು ಸ್ವೆಟರ್ ಹಾಕಿದ್ರೂ ಚಳಿ. ನಿನ್ನೆ ಕೌಂಟರಿಗೆ ಒಬ್ಬರು ಬಂದು ಕನ್ನಡಕ ಕೇಳಿದ್ರು. ಎದ್ದುಹೋಗಿ ಕಪಾಟು ತೆಗೆದೆ, ಯಾಕೆ ತೆಗೆದೆ ಅಂತ ಮರೆತೇಹೋಯ್ತು. ಸುಮ್ಮನೆ ನಿಂತಿದ್ದೆ. ಆ ಮನುಷ್ಯ ಪಾಪ, ತಾವೇ ಬಂದು ಕನ್ನಡಕ ತಗೊಂಡು, ನನ್ನನ್ನ ಕುರ್ಚಿ ಮೇಲೆ ಕೂರಿಸಿ ಹೋದ್ರು.

ಮೊನ್ನೆ ಆಸ್ಪತ್ರೆಯಲ್ಲಿ ಎಲ್ಲ ವಿವರಿಸಿದ್ರು. ಯಾರೂ ಒಳಗೆ ಬರೋ ಹಾಗಿಲ್ಲ, ಬಾಗಿಲಾಚೆ ನಿಂತು ಕಿಟಕಿಯಿಂದ ನೋಡಬಹುದು. ನರ್ಸ್ ಕೇಳಿದ್ರು, "ಜೊತೆಗೆ ಯಾರು ಬರ್ತಾರೆ? ಹೆಂಗಸರಾದ್ರೆ, ಬಸುರಿ ಅಲ್ಲ ತಾನೆ?" ನಾನು ಪಿಸುಗುಟ್ಟಿದೆ, "ಯಾರೂ ಬರಲ್ಲ. ಒಬ್ಬಳು ಅಕ್ಕ ಇದ್ದಾಳೆ, ಅವಳಿಗೆ ಚಡ್ಡಿ ಹೊಲಿಯೋದಿದೆ." ಅವರಿಗೆ ಸರಿಯಾಗಿ ಕೇಳಿಸಲಿಲ್ಲ, ನಕ್ರು.

ಊರಿನ ಮಕ್ಕಳ ಚಡ್ಡಿ ಎಲ್ಲ ಹೊಲಿದಾದ ಮೇಲೆ ನಿನಗೊಬ್ಬಳು ತಂಗಿ ಇದ್ದಳು ಅಂತ ನೆನಪು ಮಾಡ್ಕೋ.

ಬಟಾಣಿಗೆ ನನ್ನ ಮುತ್ತು ಕೊಡು. ಈ ಪತ್ರ ಅವಳ ಮುಂದೆ ಓದಬೇಡ.

ಮೈಕಮ್ಮ

*

ಫೆಬ್ರವರಿ 20

ತಂಗೀ,

ನಿನ್ನ ಪತ್ರವನ್ನ ಮಷಿನ್ ಮುಂದೆ ಕೂತು ಓದಿದೆ. ಆಮೇಲೆ ಹೊಲಿಗೆ ಸಾಗಲಿಲ್ಲ.

ನರ್ಸ್ ಕೇಳಿದ್ದಕ್ಕೆ ನಾನು ಉತ್ತರ ಕೊಡ್ತೀನಿ. ಹೌದು, ಬಸುರಿ. ನಾಲ್ಕು ತಿಂಗಳಾಯ್ತು.

ಹಿಂದೆ ಮೂರು ಸಲ ಊರಿಗೆಲ್ಲ ಹೇಳಿ ಮೂರು ಸಲವೂ ಕಳ್ಕೊಂಡೆ. ಈ ಸಲ ಬಾಯಿ ಬಿಡಬಾರ್ದು ಅಂತ ನಾವಿಬ್ಬರೂ ಮಾತಾಡ್ಕೊಂಡಿದ್ವಿ. ಅಷ್ಟರಲ್ಲಿ ನಿನ್ನ ಪತ್ರ ಬಂತು. ನಿನ್ನ ಎದೆಯಲ್ಲಿ ಅದು ಬೆಳೀತಿದೆ ಅಂತ ನೀನು ಬರೆದಿದ್ದೀಯ, ನನ್ನ ಹೊಟ್ಟೆಯಲ್ಲಿ ಇದು ಬೆಳೀತಿದೆ ಅಂತ ನಾನು ಯಾವ ಬಾಯಲ್ಲಿ ಹೇಳಲಿ? ಅದಕ್ಕೇ ಯೂನಿಫಾರ್ಮ್ ಅಂದೆ. ಸುಳ್ಳು ಹೇಳೋಕೂ ಬರಲಿಲ್ಲ ನನಗೆ. ಜನವರಿಯಲ್ಲಿ ಯಾವ ಶಾಲೆ ಯೂನಿಫಾರ್ಮ್ ಹೊಲಿಸುತ್ತೆ? ನಿನಗೂ ಹೊಳೀಲಿಲ್ಲವಲ್ಲ.

ನೀನು ಬಾ ಅಂದ್ರೆ ಈಗಲೂ ಬಸ್ ಹತ್ತಿ ಬರ್ತೀನಿ. ಕಿಟಕಿಯಾಚೆ ಅಲ್ಲ, ಗೇಟಿನಾಚೆ ನಿಂತ್ಕೋತೀನಿ. ಹೇಳು.

ಬಟಾಣಿ ಚೆನ್ನಾಗಿದ್ದಾಳೆ. ಸ್ಟೂಲ್ ಹತ್ತಿ ನಿಂತು, ಬಾಚಣಿಗೆ ಬಾಯಿ ಹತ್ತಿರ ಹಿಡಿದು "ಪ್ರಯಾಣಿಕರ ಗಮನಕ್ಕೆ" ಅಂತಾಳೆ. ಭಾವ ಚೀಲ ಹಿಡ್ಕೊಂಡು ಓಡಿಬಂದು ಸೋಫಾ ಹತ್ತಬೇಕು. ತಡವಾದ್ರೆ ಬಸ್ ಬಿಟ್ಟುಬಿಡ್ತಾಳೆ. ಮಧ್ಯಾಹ್ನ ನನ್ನ ಮೊಣಕೈ ಹಿಡ್ಕೊಂಡು ಮಲಗಿದ್ದಳು. ಎದ್ದ ತಕ್ಷಣ ನನ್ನ ಮುಖ ನೋಡಿ ಕೈ ಬಿಟ್ಟಳು.

ಅಕ್ಕ

*

ಮಾರ್ಚ್ 12

ಅಕ್ಕಾ, ನನ್ನ ಬಂಗಾರ ಅಕ್ಕಾ,

ನೀನು ಬರಬೇಡ! ಗೇಟಿನಾಚೆಯೂ ಬೇಡ, ಆ ರಸ್ತೆಗೇ ಬರಬೇಡ. ಪತ್ರ ಓದಿ ಮೂದೇವಿ ಹಾಗೆ ಅತ್ತೆ. ಚಡ್ಡಿ ಅಂತೆಲ್ಲ ಬರೆದಿದ್ದನ್ನ ಹರಿದುಹಾಕು.

ಆಗಿಹೋಯ್ತು. ಮನೆಗೆ ಬಂದಿದ್ದೀನಿ. ಆ ಕೋಣೆಯಿಂದಲೇ ಬರೆಯೋಣ ಅಂದ್ರೆ ಒಳಗೆ ತಗೊಂಡುಹೋದ ಕಾಗದವನ್ನ ಹೊರಗೆ ಬಿಡಲ್ಲ. ಕೋಣೆ ಹೇಗಿತ್ತು ಗೊತ್ತಾ? ಫೋನಿಗೆ ಪ್ಲಾಸ್ಟಿಕ್ ಚೀಲ, ಬಾಗಿಲ ಹಿಡಿಕೆಗೆ ಪ್ಲಾಸ್ಟಿಕ್ ಚೀಲ. ನಾನೇ ಒಂದು ಅಂಗಡಿ ಸಾಮಾನು ಅನ್ನಿಸ್ತು. ನರ್ಸ್ ಒಂದು ಸೀಸದ ಡಬ್ಬಿ ತಂದ್ರು, ಭಾರಕ್ಕೆ ಅವರ ಭುಜ ವಾಲಿತ್ತು. ಇಕ್ಕಳದಲ್ಲಿ ಎತ್ತಿದ್ರೆ ಒಳಗಿದ್ದದ್ದು ಜ್ವರದ ಮಾತ್ರೆಯಷ್ಟೇ ಗುಳಿಗೆ. "ಕೈಯಲ್ಲಿ ಮುಟ್ಟಬೇಡಿ, ನೇರ ಬಾಯಿಗೆ" ಅಂದ್ರು. ಅವರು ಕೈಯಲ್ಲಿ ಮುಟ್ಟೋಕೂ ಹೆದರೋದನ್ನ ನಾನು ನುಂಗಬೇಕು! ನುಂಗಿದೆ. ಅದರ ಹಿಂದೆಯೇ ನೀರು. ಅವರು ಬಾಗಿಲ ಹತ್ತಿರ ಸರಿದು ನಿಂತ್ರು. ಆಮೇಲೆ ನನ್ನ ಜೊತೆ ಮಾತಾಡಿದ್ದೆಲ್ಲ ಅಲ್ಲಿಂದಲೇ. ಮಾತಾಡಿದ್ದು ಅವರು, ನಾನು ಸ್ಲೇಟಿನ ಮೇಲೆ ಬರೆದು ಎತ್ತಿ ಹಿಡೀತಿದ್ದೆ.

"ನೀರು ಕುಡೀರಿ, ಕುಡೀತಾನೇ ಇರಿ. ಪಾಯಿಖಾನೆಗೆ ಎರಡು ಸಲ ನೀರು ಬಿಡಿ. ನಾಳೆಯಿಂದ ಹುಳಿ ಪೆಪ್ಪರಮೆಂಟು ಚೀಪಿ, ಇಲ್ಲದಿದ್ರೆ ಎಂಜಲಿನ ಗ್ರಂಥಿ ಊದ್ಕೊಳ್ಳುತ್ತೆ. ಭಯ ಆದ್ರೆ ಗಂಟೆ ಒತ್ತಿ, ಕಿಟಕಿ ಹತ್ತಿರ ಬರ್ತೀನಿ." ಒತ್ತಿದೆ. ಬಂದ್ರು. ಸುಮ್ಮನೆ ಇಬ್ಬರೂ ಮುಖ ನೋಡ್ಕೊಂಡು ನಿಂತಿದ್ವಿ. ಒಳ್ಳೆ ಹೆಂಗಸು.

ದಿನಾ ಬೆಳಿಗ್ಗೆ ಒಂದು ಮೀಟರ್ ನನ್ನ ಕಡೆ ಹಿಡಿದು ಅಳೀತಾರೆ. ಮೈಯಲ್ಲಿ ಎಷ್ಟು ಕಿರಣ ಉಳಿದಿದೆ ಅಂತ ಅದು ತೋರಿಸುತ್ತೆ, ಇಳಿದ್ರೆ ಮನೆಗೆ. ನಂದು ಜರ್ರನೆ ಇಳೀತು! ಪಕ್ಕದ ಕೋಣೆಯಲ್ಲಿ ಒಬ್ಬರು ಮೇಷ್ಟ್ರು, ನನಗಿಂತ ಮುಂಚೆ ಸೇರಿದವರು, ಅವರದ್ದು ಇಳೀತಾನೇ ಇಲ್ಲ. ನಾನು ಚೀಲ ಎತ್ಕೊಂಡು ಹೊರಟಾಗ ಕಿಟಕಿಯಿಂದ ಕೈ ಬೀಸಿದ್ರು. ಪಾಪ ಅನ್ನಿಸ್ತು. ನೀರು ಕುಡಿಯೋದ್ರಲ್ಲಿ ನಾನೇ ಫಸ್ಟ್ ಕ್ಲಾಸ್ ಅಂತ ಸ್ಲೇಟಿನಲ್ಲಿ ಬರೆದು ತೋರಿಸಿದೆ. ನರ್ಸ್ ಯಾಕೋ ನಗಲಿಲ್ಲ, ಸುಸ್ತಾಗಿದ್ರೇನೋ.

ಇನ್ನೂ ಸ್ವಲ್ಪ ದಿನ ಒಬ್ಬಳೇ ಇರಬೇಕು. ತಟ್ಟೆ ಬೇರೆ, ಬಟ್ಟೆ ಒಗೆಯೋದು ಬೇರೆ. ಬಸ್ಸಿನಲ್ಲಿ ಯಾರ ಪಕ್ಕವೂ ಬಹಳ ಹೊತ್ತು ಕೂರಬಾರದು. ಮುಂದಿನ ವಾರ ಸ್ಕ್ಯಾನ್. ಮದ್ದು ಎಲ್ಲೆಲ್ಲಿ ಕೂತಿದೆ ಅಂತ ಚಿತ್ರ ಬರುತ್ತಂತೆ. ಆಮೇಲೆ ಬಟಾಣಿ! ಅಕ್ಕ, ಅವಳು ಹೊಟ್ಟೆ ತುಂಬ ತಿಂತಾಳಾ? ನೀನು ತಿಂತೀಯಾ?

ನಿನ್ನ ತಂಗಿ, ಮೈಯೆಲ್ಲ ಕಿರಣದವಳು

*

ಮಾರ್ಚ್ 19

ತಂಗೀ,

ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡೆ. ಇದೂ ಒಳಗೆ ಒದೆಯೋಕೆ ಶುರುಮಾಡಿದೆ. ಬಟಾಣಿ ಕಿವಿ ಇಟ್ಟು ಕೇಳಿ "ಒಳಗಿರೋರು ಬೇಗ ಇಳೀರಿ, ಬಸ್ ಇಲ್ಲಿಗೇ ಕೊನೆ" ಅಂದಳು. ನಿಮ್ಮ ಭಾವ ನಕ್ಕೂ ನಕ್ಕೂ ಕೆಮ್ಮಿಕೊಂಡ್ರು.

ಅವಳಿಗೆ ಹಳದಿ ಫ್ರಾಕ್ ಹೊಲೀತಿದ್ದೀನಿ. ಅಮ್ಮನ ಹತ್ತಿರ ಹೋಗುವಾಗ ಹಾಕ್ಕೊಳ್ಳೋಕೆ ಅಂತ ಅವಳಿಗೆ ಗೊತ್ತು.

ಸ್ಕ್ಯಾನ್ ಆದ ತಕ್ಷಣ ಎರಡು ಸಾಲು ಹಾಕು.

ಅಕ್ಕ

*

ಏಪ್ರಿಲ್ 10

ತಂಗೀ,

ಇದು ಮೂರನೇ ಪತ್ರ. ಸ್ಕ್ಯಾನ್ ಏನಾಯ್ತು? ಭಾವ ನಿನ್ನ ನಿಲ್ದಾಣಕ್ಕೆ ಫೋನ್ ಮಾಡಿದ್ರೆ, ಕೆಲಸಕ್ಕೆ ಬರ್ತಾಳೆ, ಕೌಂಟರಲ್ಲಿ ಕೂತಿರ್ತಾಳೆ, ಯಾರ ಜೊತೆಗೂ ಸೇರಲ್ಲ ಅಂದ್ರಂತೆ. ಬದುಕಿದ್ದೀಯ ಅಂತಾಯ್ತು. ಹಾಗಾದ್ರೆ ಯಾಕೆ ಬರೀತಿಲ್ಲ? ನನ್ನ ಮೇಲೆ ಕೋಪವಾ? ಕೋಪ ಇದ್ರೆ ಬೈದು ಬರಿ. ಬೈಗುಳನಾದ್ರೂ ಬರಲಿ.

ಫ್ರಾಕ್ ಆಗಿದೆ. ಬಟಾಣಿ ದಿನಾ ಹಾಕ್ಕೊಂಡು ಬಾಗಿಲಲ್ಲಿ ಕೂತ್ಕೋತಾಳೆ. ಇವತ್ತು ಒಗೆಯೋಕೆ ಅಂತ ಬಿಚ್ಚಿಸೋಷ್ಟರಲ್ಲಿ ನನ್ನ ಕೈ ಕಚ್ಚಿದಳು.

ಅಕ್ಕ

*

ಏಪ್ರಿಲ್ 16

ಅಕ್ಕಾ,

ಕೋಪ ಇಲ್ಲ. ಬರೆದ್ರೆ ನಿಜವಾಗಿಬಿಡುತ್ತೆ ಅಂತ ಬರೀಲಿಲ್ಲ.

ಮದ್ದು ಮೈಯಲ್ಲಿ ನಿಲ್ಲಲಿಲ್ಲ. ಸ್ಕ್ಯಾನಿನ ಚಿತ್ರ ತೋರಿಸಿದ್ರು. ಕತ್ತಿನ ಹತ್ತಿರ ಒಂದು ಚುಕ್ಕಿ ಹೊಳೀತಿತ್ತು, ಹೊಟ್ಟೆಯಲ್ಲಿ ಸ್ವಲ್ಪ. ಎದೆ ಇರಬೇಕಾದ ಜಾಗ ಖಾಲಿ. ಕಾಳುಗಳು ಅಲ್ಲೇ ಇವೆ, ಬೇರೆ ಫಿಲಂನಲ್ಲಿ ಕಾಣುತ್ತವೆ, ಆದ್ರೆ ಒಂದೂ ಮದ್ದನ್ನ ಮುಟ್ಟಿಲ್ಲ. ಅವು ಅಯೋಡಿನ್ ತಿನ್ನೋದನ್ನೇ ಮರೆತಿವೆ ಅಂದ್ರು ಡಾಕ್ಟರ್. ಮೀಟರ್ ಜರ್ರನೆ ಇಳೀತು ಅಂತ ಕುಣಿದಿದ್ದೆನಲ್ಲ, ಅದಕ್ಕೇ ಇಳಿದಿದ್ದು. ಒಳಗೆ ಹಿಡಿದಿಟ್ಟುಕೊಳ್ಳೋರು ಯಾರೂ ಇರಲಿಲ್ಲ. ಪಕ್ಕದ ಕೋಣೆ ಮೇಷ್ಟ್ರ ಮೈಯಲ್ಲಿ ಮದ್ದು ಕೂತು ಕೆಲಸ ಮಾಡ್ತಿತ್ತು. ನಾನು ಅವರನ್ನ ಪಾಪ ಅಂದೆ.

ಸ್ಲೇಟಿನಲ್ಲಿ ಬರೆದೆ: ಇನ್ನೊಂದು ಗುಳಿಗೆ ಕೊಡಿ. ದೊಡ್ಡದು.

"ಕೊಟ್ಟು ಪ್ರಯೋಜನ ಇಲ್ಲಮ್ಮ. ಕಾಳಿಗೆ ತಲುಪಲ್ಲ. ಎಂಜಲಿನ ಗ್ರಂಥಿ, ಮೂಳೆಯ ಮಜ್ಜೆ ಸುಮ್ಮನೆ ಹಾಳಾಗುತ್ತೆ."

ಒರೆಸಿ ಬರೆದೆ: ಬಸ್ಸಿನಲ್ಲಿ ಒಂದು ಬಿಸ್ಕತ್ತು ತಿಂದಿದ್ದೆ, ಪಥ್ಯದಲ್ಲಿದ್ದಾಗ. ಅದರಲ್ಲಿ ಉಪ್ಪಿತ್ತು. ಅದರಿಂದಲೇ ಆಗಿದ್ದು. ಈ ಸಲ ಗಾಳಿ ಕುಡ್ಕೊಂಡಿರ್ತೀನಿ.

"ಬಿಸ್ಕತ್ತಿನಿಂದ ಆಗಿದ್ದಲ್ಲ. ನೀವು ಏನೂ ತಪ್ಪು ಮಾಡಿಲ್ಲ."

ಅಕ್ಕ, ಬಿಸ್ಕತ್ತೇ ಆಗಿದ್ರೆ ಎಷ್ಟು ಚೆನ್ನಾಗಿರ್ತಿತ್ತು! ಇನ್ನೊಂದು ಸಲ ತಿನ್ನದೇ ಇರಬಹುದಿತ್ತು. ನಾನು ಡಾಕ್ಟರ ತೋಳು ಹಿಡ್ಕೊಂಡೆ, ಬಿಡಲಿಲ್ಲ. ಕಿರುಚಿದೆ. ಕಿರುಚಿದ್ದು ಯಾರಿಗೂ ಕೇಳಿಸಲಿಲ್ಲ. ಹೊರಗೆ ಬೆಂಚಿನಲ್ಲಿ ಕೂತವರು ಪೇಪರ್ ಓದ್ತಾನೇ ಇದ್ರು. ನರ್ಸ್ ಬಂದು ಒಂದೊಂದೇ ಬೆರಳು ಬಿಡಿಸಿದ್ರು. ಆವತ್ತು ಬಾಗಿಲ ಹತ್ತಿರ ನಿಲ್ಲಲಿಲ್ಲ, ಪಕ್ಕದಲ್ಲೇ ಕೂತ್ರು, ಭುಜಕ್ಕೆ ಭುಜ ತಾಗಿಸಿ.

"ಇನ್ನು ಮಗಳನ್ನ ಎತ್ಕೋಬಹುದು. ಯಾವ ಅಪಾಯವೂ ಇಲ್ಲ. ಅಕ್ಕನ ಹತ್ತಿರವೂ ಹೋಗಬಹುದು" ಅಂದ್ರು. ಅಂದು, ತಾವೇ ಅತ್ರು.

ಇನ್ನೊಂದು ಬಗೆ ಮಾತ್ರೆ ಇದೆಯಂತೆ, ದಿನಾ ನುಂಗೋದು. ಕಾಳು ಬೆಳೆಯೋದನ್ನ ತಡೆದು ಹಿಡಿಯಬಹುದು. ಪೂರ್ತಿ ಹೋಗಲ್ಲ. ಕೈಕಾಲು ಸುಲಿಯುತ್ತೆ, ರಕ್ತದೊತ್ತಡ ಏರುತ್ತೆ. ಎಷ್ಟು ದಿನ ತಡೆಯುತ್ತೆ ಅಂತ ಕೇಳಿದೆ. ಒಬ್ಬೊಬ್ಬರಿಗೆ ಒಂದೊಂದು ಥರ ಅಂದ್ರು. ಅದು ಉತ್ತರ ಅಲ್ಲ ಅಂತ ಅವರಿಗೂ ಗೊತ್ತು.

ಬಟಾಣಿ ನಿನ್ನನ್ನ ಅಮ್ಮ ಅನ್ನೋ ಹಾಗೆ ಈಗಿಂದಲೇ ಅಭ್ಯಾಸ ಮಾಡಿಸು. ಅವಳಿಗಿನ್ನೂ ನಾಲ್ಕೇ ವರ್ಷ, ನನ್ನ ಮುಖ ಮರೀಬಹುದು. ನಾನು ಬರಲ್ಲ. ಬಂದು ಎತ್ಕೊಂಡು ಮತ್ತೆ ಬಿಟ್ಟುಹೋಗೋದು ಯಾಕೆ?

ನಿನ್ನ ತಂಗಿ

*

ಏಪ್ರಿಲ್ 20

ತಂಗೀ,

ನಿನ್ನ ಪತ್ರದ ಕೊನೆಯ ನಾಲ್ಕು ಸಾಲು ನಾನು ಓದಿಲ್ಲ ಅಂತ ಇಟ್ಕೋ.

ಶನಿವಾರ ಬೆಳಿಗ್ಗೆ ಭಾವ ನಿನ್ನ ಬಾಗಿಲಲ್ಲಿರ್ತಾರೆ. ಚೀಲ ಕಟ್ಟಿಡು. ಕಟ್ಟದಿದ್ರೆ ಅವರೇ ಕಟ್ತಾರೆ, ಅವರಿಗೆ ಮಡಚೋಕೆ ಬರಲ್ಲ, ಬಟ್ಟೆ ಎಲ್ಲ ಮುದ್ದೆಯಾಗುತ್ತೆ. ನೀನು ಬರದಿದ್ರೆ ಈ ಹೊಟ್ಟೆ ಹೊತ್ಕೊಂಡು ನಾನೇ ಬಸ್ ಹತ್ತುತ್ತೀನಿ. ಆಮೇಲೆ ಏನಾದ್ರೂ ಆದ್ರೆ ನಿನ್ನ ತಲೆ ಮೇಲೆ.

ಅಕ್ಕ

*

ಮೇ 11

ಅಕ್ಕಾ,

ಕ್ಷೇಮವಾಗಿ ಬಂದು ಸೇರಿದೆ. ಮಾತ್ರೆ ಇವತ್ತು ಶುರು. ಅದು ಮೈಗೆ ಒಗ್ಗೋವರೆಗೆ ಇಲ್ಲಿಯ ಡಾಕ್ಟರ ಹತ್ತಿರವೇ ಇರಬೇಕಂತೆ, ಅದಕ್ಕೇ ಬಟಾಣಿಯನ್ನ ನಿನ್ನ ಹತ್ತಿರ ಬಿಟ್ಟುಬಂದೆ.

ನಿನ್ನ ಮನೆಯಲ್ಲಿದ್ದಾಗ ಹೇಳಲಾಗದ್ದನ್ನ ಈಗ ಬರೀತೀನಿ. ಮೊದಲ ದಿನ ಬಟಾಣಿ ನನ್ನ ಹತ್ತಿರ ಬರಲಿಲ್ಲವಲ್ಲ, ನೀನು ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡ್ತಾ ಅತ್ತೆ, ನನಗೆ ಗೊತ್ತು. ನಾನು ಬಾಯಿ ತೆರೆದು ಕರೆದೆ. ಅವಳು ಭಾವನ ಕಾಲಿನ ಹಿಂದೆ ಬಚ್ಚಿಟ್ಕೊಂಡು, "ಇವಳು ಅಮ್ಮ ಅಲ್ಲ. ಅಮ್ಮನ ಮಾತು ದೊಡ್ಡದು" ಅಂದಳು. ಈ ಒಂದು ದಿನ ನೋಡೋಕೆ ನಾನು ಆ ಗುಳಿಗೆ ನುಂಗಿದ್ನಾ ಅನ್ನಿಸ್ತು. ಆಪರೇಷನ್ ಆದ ಮೇಲೂ ನನ್ನ ಜೊತೆ ಇದ್ದಳಲ್ಲ ಅಕ್ಕ, ಆ ಪಿಸುಮಾತನ್ನೆಲ್ಲ ಮರೆತು ಹಳೇ ದನಿಯನ್ನ ಮಾತ್ರ ಇಟ್ಕೊಂಡಿದ್ದಾಳೆ.

ಮಾರನೇ ದಿನ ನೀನು ಅಂಗಡಿಗೆ ಹೋದಾಗ ಅವಳ ಫ್ರಾಕಿನ ಬಟನ್ ಕಿತ್ತುಬಂತು. ನಾನು ಸೂಜಿ ತಗೊಂಡು ಹಾಕ್ತಿದ್ದೆ. ಅವಳು ಏನೋ ಕೇಳಿದಳು. ನಾನು ಹೇಳಿದ್ದು ಕೇಳಿಸಲಿಲ್ಲ. ಸ್ವಲ್ಪ ಹತ್ತಿರ ಬಂದಳು. ಆಗಲೂ ಕೇಳಿಸಲಿಲ್ಲ. ಕೊನೆಗೆ ಕಿವಿ ತಂದು ನನ್ನ ತುಟಿಗೇ ಅಂಟಿಸಿದಳು. ಕಿವಿ ಬಿಸಿಯಾಗಿತ್ತು. ನಾನು ಏನು ಹೇಳಿದೆನೋ ನೆನಪಿಲ್ಲ, ಬಟನ್ ಬಗ್ಗೆಯೇ ಇರಬೇಕು. "ಕಚಗುಳಿ ಆಗುತ್ತೆ, ಇನ್ನೊಂದು ಹೇಳು" ಅಂದಳು. ನೀನು ಬರೋವರೆಗೂ ಹಾಗೇ ಕೂತಿದ್ವಿ.

ಮಾತ್ರೆಯನ್ನ ನಿನ್ನ ಊರಿನ ಆಸ್ಪತ್ರೆಯಲ್ಲೂ ಕೊಡ್ತಾರಂತೆ, ನರ್ಸ್ ವಿಚಾರಿಸಿ ಹೇಳಿದ್ರು. ನಾನು ಈ ಮನೆ ಬಿಡ್ತೀನಿ. ನಿನ್ನ ಹೆರಿಗೆ ಆದಮೇಲೆ ಅಲ್ಲಿಗೆ ಬರ್ತೀನಿ. ಅಲ್ಲೇ ಇರ್ತೀನಿ. ಸಾಯೋದೂ ಅಲ್ಲೇ ಅಕ್ಕ, ಅವಳ ಕಣ್ಣೆದುರೇ. ಹಸಿ ಬಾಣಂತಿಯ ಮನೆಗೆ ಇಂಥ ಮಾತು ತರಬಾರದು, ಗೊತ್ತು. ಮೊದಲು ಬೇರೆ ಥರ ಯೋಚಿಸಿದ್ದೆ, ದೂರವೇ ಇದ್ದು ಮುಗಿಸಿಬಿಡೋಣ, ಮಗುವಿಗೆ ಕಾಣದ ಹಾಗೆ ಅಂತ. ಒಂದು ಸಲ ಅವಳ ಒಳ್ಳೇದಕ್ಕೆ ಅಂತ ಅವಳನ್ನ ಬಿಟ್ಟು ದೂರ ಇದ್ದೆ. ಇನ್ನೊಂದು ಸಲ ನನ್ನ ಕೈಲಾಗಲ್ಲ.

ಬೇಡ ಅನ್ನೋದಾದ್ರೆ ಈಗಲೇ ಬರಿ. ನನಗೆ ಬೇಜಾರಿಲ್ಲ. ಸುಳ್ಳು, ಬೇಜಾರಾಗುತ್ತೆ. ಆದ್ರೂ ಬರಿ.

ನಿನ್ನ ತಂಗಿ

*

ಜುಲೈ 28

ತಂಗೀ,

ಹೆಣ್ಣು ಮಗು. ಕೂಗು ಬೀದಿಗೆಲ್ಲ ಕೇಳಿಸುತ್ತೆ. ಮೂಗು ನಿಂದೇ, ಪಾಪ.

ಮೇ ತಿಂಗಳಲ್ಲೇ "ಬಾ" ಅಂತ ಬರೆದು ಹಾಕಿದ್ದೆ, ಮತ್ತೆ ಬರೀತೀನಿ. ಬಾ. ಈ ಭಾನುವಾರವೇ ಬಾ. ನಿನ್ನ ಅಂಗಾಲು ಸುಲಿದು ನಡೆಯೋಕಾಗ್ತಿಲ್ಲ ಅಂತ ಬರೆದಿದ್ದೀಯ, ಅದಕ್ಕೆ ಭಾವ ಬಾಡಿಗೆ ಕಾರಿನಲ್ಲೇ ಬರ್ತಾರೆ. ಮುಂದಿನ ಕೋಣೆಯ ಮಷಿನ್‌ಗಳನ್ನೆಲ್ಲ ಅಂಗಡಿಗೆ ಸಾಗಿಸಿ ಮಂಚ ಹಾಕಿಸಿದ್ದೀನಿ.

ಬಟಾಣಿಗೆ ನಾನೇ ಹೇಳಿದೆ. ಭಾವ ಬೇಡ ಬೇಡ ಅಂದ್ರು, ನಾನು ಕೂರಿಸ್ಕೊಂಡು ಹೇಳಿದೆ. ಅಮ್ಮನಿಗೆ ಕಾಯಿಲೆ ವಾಸಿಯಾಗಲ್ಲ, ಅಮ್ಮ ಇಲ್ಲಿಗೇ ಬರ್ತಾಳೆ, ಸ್ವಲ್ಪ ದಿನ ಇದ್ದು ಆಮೇಲೆ ಸತ್ತುಹೋಗ್ತಾಳೆ ಅಂದೆ. ಪಾಪುವಿನ ಕಾಲ್ಬೆರಳುಗಳನ್ನ ಒಂದೊಂದೇ ಹಿಡಿದು ನೋಡಿದಳು.

ಆಮೇಲೆ ಕೇಳಿದಳು, "ಅಲ್ಲೀವರೆಗೂ ಅಮ್ಮನ ಪಕ್ಕ ಮಲಗಬಹುದಾ?"

ಹೂಂ ಅಂದೆ. ಎದ್ದುಹೋಗಿ ತನ್ನ ದಿಂಬನ್ನ ಆ ಮಂಚದ ಮೇಲೆ ಇಟ್ಟುಬಂದಿದ್ದಾಳೆ.

ಅಕ್ಕ